ಅಶ್ವಿತಾ ಕಳಿಸುವ ಚಿತ್ರ

ತಿತಿಮತಿಯ ನಮ್ಮ ರಸ್ತೆಯಲ್ಲಿ ಅಶ್ವಿತಾಳ ಚಿತ್ರ ಫೋನಿಗೆ ಬಾರದೆ ಯಾವ ತಾಯಿಯೂ ಮಗುವನ್ನು ಸ್ಕೂಲ್ ಬಸ್ಸಿಗೆ ಬಿಡುವುದಿಲ್ಲ. ನನ್ನ ಹಂಸಿನಿ ಯುಕೆಜಿ. ನಾನಂತೂ ಗೇಟಿನ ಚಿಲಕವನ್ನೇ ತೆಗೆಯುವುದಿಲ್ಲ.

ಅಶ್ವಿತಾ ಪಕ್ಕದ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್. ಅವಳ ಅಪ್ಪ ಉತ್ತಯ್ಯನವರಿಗೆ ಬಸ್ ಸ್ಟಾಪಿನ ಹತ್ತಿರ ಕಾಡಾನೆ ಎದುರಾಗಿ, ಸ್ಕೂಟರಿನಿಂದ ಬಿದ್ದು ಕಾಲು ಮುರಿಯಿತು. ಆಮೇಲೆ ಅವಳು ಎಸ್ಟೇಟಿನ ಸಾಹುಕಾರರ ಬೆನ್ನು ಹತ್ತಿ ಬಸ್ ಸ್ಟಾಪಿನ ಕಂಬಕ್ಕೆ ಬಿಸಿ ಗುರುತಿಸುವ ಸಣ್ಣ ಕ್ಯಾಮೆರಾ ಹಾಕಿಸಿದಳು. ಅದು ಚಿತ್ರ ಕೊಡುವುದಿಲ್ಲ, ಬರೀ ಅಂಕಿಗಳನ್ನು ಕೊಡುತ್ತದೆ. ಅವಳು ಕಂಪ್ಯೂಟರಿನಲ್ಲಿ ಬರೆದ ಪೈಥಾನ್ ಸ್ಕ್ರಿಪ್ಟು ಒಂದೊಂದು ಅಂಕಿಯನ್ನೂ ಒಂದೊಂದು ಚುಕ್ಕೆ ಮಾಡಿ, ಬಿಸಿಗೆ ಬಿಳಿ, ತಂಪಿಗೆ ಕಪ್ಪು ಹಚ್ಚಿ, ಸಾಲುಸಾಲಾಗಿ ಜೋಡಿಸಿ ಚಿತ್ರ ಮಾಡುತ್ತದೆ. ಕತ್ತಲಲ್ಲೂ ಆನೆ ಬೆಳ್ಳಗೆ ಕಾಣುತ್ತದೆ.

ಮೈಸೂರಿನ ಕಾಲೇಜಿನಲ್ಲಿ ನಾನೂ ಇದನ್ನೆಲ್ಲ ಮಾಡಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ. ನನ್ನ ಗಂಡ ಚಿನ್ಮಯ ಹಲ್ಲುಜ್ಜುತ್ತಲೇ, "ಅಶ್ವಿತಾ ಏನಂತಾಳೆ?" ಎನ್ನುತ್ತಾರೆ. ಅತ್ತೆ, "ಎಷ್ಟು ಚುರುಕು ಆ ಹುಡುಗಿ" ಎಂದಾಗಲೆಲ್ಲ ನನ್ನ ದೋಸೆ ಸೀಯುತ್ತದೆ.

ಮೊನ್ನೆ ಕ್ಯಾಮೆರಾ ಕೆಟ್ಟು ಹೊಸದು ಹಾಕಿದರು. ಮರುದಿನದ ಚಿತ್ರದಲ್ಲಿ ಬರೀ ಓರೆ ಗೀಟುಗಳು. ಕೆಳಗೆ ಅವಳ ಮಾತು: "ಮಂಜು ಜಾಸ್ತಿ ಉಂಟು. ಆನೆ ಇಲ್ಲ."

"ಇಲ್ಲ ಅಂದ್ಳಲ್ಲ, ನಡಿ ಪುಟ್ಟಿ," ಎಂದು ಚಿನ್ಮಯ ಬ್ಯಾಗು ಎತ್ತಿಕೊಂಡರು.

"ಅವಳು ಹೇಳಿದ್ದೆಲ್ಲ ವೇದವಾಕ್ಯನಾ?" ಎಂದು ನಾನು ಹಂಸಿನಿಯ ಕೈ ಹಿಡಿದು ನಿಲ್ಲಿಸಿದೆ. ಗೀಟುಗಳು ಅಚ್ಚ ಬಿಳಿ ಇದ್ದವು. ಮಂಜಿಗೆ ಅಷ್ಟು ಬಿಸಿ ಎಲ್ಲಿಂದ ಬರಬೇಕು? ಅಶ್ವಿತಾಗೆ ಫೋನ್ ಮಾಡಿದೆ.

"ಹೊಸ ಕ್ಯಾಮೆರಾದಲ್ಲಿ ಸಾಲಿಗೆ ಎಷ್ಟು ಚುಕ್ಕೆ? ಸ್ಕ್ರಿಪ್ಟಲ್ಲಿ ಬದಲಾಯಿಸಿದ್ದೀಯಾ?"

ಅತ್ತ ಕೀಬೋರ್ಡಿನ ಸದ್ದು ಕೇಳಿಸಿತು. "ಅಯ್ಯೋ ಅಕ್ಕ, ಹಳೇ ಅಗಲವೇ ಉಂಟು. ಸಾಲು ತಪ್ಪು ಜಾಗದಲ್ಲಿ ತುಂಡಾಗ್ತಾ ಉಂಟು."

"ಮೊದಲು ಎಲ್ರಿಗೂ ಮನೇಲೇ ಇರೋಕೆ ಹೇಳು."

ಹೇಳಿದಳು. ಸರಿಪಡಿಸಿದ ಚಿತ್ರ ಬಂತು: ಬಸ್ ಸ್ಟಾಪಿನ ಪಕ್ಕ ಬೆಳ್ಳನೆಯ ದೊಡ್ಡ ಆನೆ, ಅದರ ಕಾಲ ಬಳಿ ಮರಿ. ಹಂಸಿನಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ, "ಅಮ್ಮಾ, ನೋಯ್ತದೆ," ಎಂದಳು.

ನಮ್ಮ ರಸ್ತೆಯ ವಾಟ್ಸಾಪ್ ಗ್ರೂಪಿನಲ್ಲಿ ನೆರೆಮನೆಯ ಗಂಗಮ್ಮ ಬರೆದರು: "ಅಶ್ವಿತಾ ಇದ್ದ ಕಾರಣ ಮಕ್ಕಳು ಉಳಿದ್ವು."

"ನಾನಲ್ಲ, ತಪ್ಪು ಕಂಡುಹಿಡಿದದ್ದು ಹಂಸಿನಿಯ ಅಮ್ಮ," ಎಂದಳು ಅಶ್ವಿತಾ.

"ಎಂಥ ದೊಡ್ಡ ಮನಸ್ಸು ಮಗಾ ನಿಂದು," ಎಂದರು ಗಂಗಮ್ಮ. ಹತ್ತಾರು ಮಂದಿ ಅದಕ್ಕೆ ಕೈ ಮುಗಿದರು. ಚಿನ್ಮಯರೂ.

ಸಂಜೆ ಅಶ್ವಿತಾ ಫೋನ್ ಮಾಡಿ, "ಅಕ್ಕ, ಇನ್ನು ಮೇಲೆ ಮೊದಲು ನಿಮಗೆ ತೋರಿಸಿ ಆಮೇಲೆ ಗ್ರೂಪಿಗೆ ಹಾಕ್ಲಾ?" ಎಂದು ಕೇಳಿದಳು.

"ಹಾಕು," ಎಂದೆ. "ನೋಡಿದ್ದು ಯಾರು ಅಂತಲೂ ಕೆಳಗೆ ಬರಿ."