ಎತ್ತಿ ಹಿಡಿದ ತೋಳು

ಅಫಜಲಪುರದ ಆ ಸಣ್ಣ ಆಸ್ಪತ್ರೆಯಲ್ಲಿ ಆಯಾ ಮಲ್ಕಮ್ಮ ಹಿಡಿದ ತೋಳು ಅಲುಗುತ್ತಿರಲಿಲ್ಲ. ಎದೆಯೊಳಗೆ ತುಂಬಿದ ರಕ್ತ ಬಸಿಯಲು ನಳಿಗೆ ಹಾಕುವಾಗ ರೋಗಿಯ ತೋಳನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿಯುವುದು ಅವಳ ಪಾಲಿನ ಕೆಲಸ. ಎಷ್ಟು ಬಿಗಿಯಾಗಿ ಹಿಡಿಯುತ್ತಿದ್ದಳೆಂದರೆ, ಮರುದಿನವೂ ಅವಳ ಬೆರಳುಗಳ ಗುರುತು ಅಲ್ಲಿ ಇರುತ್ತಿತ್ತು.

ಒಮ್ಮೆ ಮಾತ್ರ ಆ ಕೈ ಜಾರಿತ್ತು. ಆಗ ಅವಳಿನ್ನೂ ಆಯಾ ಆಗಿರಲಿಲ್ಲ. ಕಿಣ್ಣಿ ಸುಲ್ತಾನ ಊರಿನ ದಾರಿಯಲ್ಲಿ ಕಬ್ಬಿನ ಬಂಡಿ ಮಗುಚಿ, ಗಂಡ ಹುಲೆಪ್ಪನ ಎದೆಯೊಳಗೆ ರಕ್ತ ತುಂಬಿತ್ತು. ಒಯ್ದ ದವಾಖಾನೆಯಲ್ಲಿ ಆಳಿರಲಿಲ್ಲ. ಡಾಕ್ಟರು ಅವಳಿಗೇ ತೋಳು ಹಿಡಿಯಲು ಹೇಳಿದರು. ಹುಲೆಪ್ಪ ಚೀರಿ ಕೊಸರಿದ. ಬೆವರಿದ ತೋಳು ಜಾರಿತು. ನಳಿಗೆ ಲಿವರಿಗೆ ಹೊಕ್ಕಿತು. ಸಂಜೆಯೊಳಗೆ ಅವನು ತೀರಿಕೊಂಡ.

“ಕೈ ಬಿಟ್ಟೆಲ್ಲ ನೀ,” ಎಂದು ಡಾಕ್ಟರು ಅಂದದ್ದು ಬಾಗಿಲಲ್ಲಿ ನಿಂತಿದ್ದ ಅತ್ತೆ ನಿಂಬೆವ್ವನ ಕಿವಿಗೆ ಬಿತ್ತು. ಅಂದಿನಿಂದ ಅವಳು ಸೊಸೆಯ ಕೈಯಡುಗೆ ಉಣ್ಣಲಿಲ್ಲ. ಒಂದೇ ಮನೆ, ಎರಡು ಒಲೆ.

ಮಲ್ಕಮ್ಮ ಆಯಾ ಆಗಿ ಕೆಲವು ವರ್ಷ ಕಳೆದ ಮೇಲೆ, ತೊಂಬತ್ತಾರರ ಬೇಸಿಗೆಯಲ್ಲಿ, ಘತ್ತರಗಿಯ ಬಸವಂತರಾಯನನ್ನು ತಂದರು. ಟ್ರಾಕ್ಟರಿನಿಂದ ಬಿದ್ದು ಪಕ್ಕೆಲುಬು ಮುರಿದಿತ್ತು. ಉಸಿರು ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಹೊಸದಾಗಿ ಬಂದ ಲೇಡಿ ಡಾಕ್ಟರ್ ಖುರ್ಷಿದ ಬಸುರಿಯರ ಕೋಣೆಯ ಸೋನೋಗ್ರಫಿ ಮಷೀನನ್ನು ಅವನ ಮಂಚದ ಹತ್ತಿರ ತಳ್ಳಿಸಿಕೊಂಡು ಬಂದರು.

“ನಾ ಏನ್ ಬಸುರಿ ಆಗೇನೇನ್ರಿ?” ಎಂದ ಬಸವಂತರಾಯ, ಏದುತ್ತಲೇ.

“ಉಸುರು ಉಳಿಸ್ಕೋರಿ. ನಿಮ್ಮ ಚಾಷ್ಟಿ ನಾಳಿಗಿ ಕೇಳ್ತೇನಿ,” ಎಂದು ಖುರ್ಷಿದ ನಕ್ಕರು.

ಟಿವಿಯಂಥ ಗಾಜಿನ ಮೇಲೆ ರಕ್ತ ಕಪ್ಪು ಮಡುವಿನಂತೆ ನಿಂತಿತ್ತು. ಅದರಡಿ ಬಿಲ್ಲಿನಂಥ ಬಿಳಿ ಗೆರೆಯೊಂದು ಉಸಿರಿನೊಂದಿಗೆ ಏರಿಳಿಯುತ್ತಿತ್ತು.

“ಇದು ಎದಿಗೂ ಹೊಟ್ಟಿಗೂ ನಡುವಿನ ಪರದಿ, ಅಕ್ಕಾ. ಇದರ ಕೆಳಗ ಲಿವರ್. ಮಲಗಿದಾಗ ಎಷ್ಟ ಮ್ಯಾಲ ಬಂದದ ನೋಡ್ರಿ. ಬರೇ ಬೆರಳಿಲೆ ಪಕ್ಕೆಲುಬ ಎಣಿಸಿದ್ರ ನಾನೂ ಇಲ್ಲೇ ಚುಚ್ಚತಿದ್ದೆ,” ಎಂದು ಖುರ್ಷಿದ ಮಲ್ಕಮ್ಮನಿಗೆ ತೋರಿಸುತ್ತ ಪಕ್ಕೆಯ ಒಂದು ಜಾಗ ಮುಟ್ಟಿದರು. ಆಮೇಲೆ ಅದಕ್ಕಿಂತ ಮೇಲೆ, ಕಪ್ಪು ಮಡುವಿನ ನಡುವಕ್ಕೆ, ಶಾಯಿಯ ಗುರುತು ಹಾಕಿದರು.

ಮೊದಲು ಮುಟ್ಟಿದ ಆ ಜಾಗ ಮಲ್ಕಮ್ಮನಿಗೆ ಗೊತ್ತಿತ್ತು. ಹುಲೆಪ್ಪನಿಗೆ ಕಡೆಯ ಸಲ ಮೈತೊಳೆಯುವಾಗ, ತೂತು ಅಲ್ಲೇ ಇತ್ತು.

ಅವಳು ತೋಳು ಹಿಡಿದಳು. ನಳಿಗೆ ಒಳಹೋಯಿತು, ಬಾಟಲಿಗೆ ರಕ್ತ ಇಳಿಯಿತು, ಬಸವಂತರಾಯನ ತುಟಿಗೆ ಬಣ್ಣ ಮರಳಿತು. ಕೈ ತೊಳೆಯುತ್ತಿದ್ದ ಡಾಕ್ಟರ ಬೆನ್ನಿಗೆ ನಿಂತು ಅವಳು ಕೇಳಿದಳು.

“ಡಾಕ್ಟರವ್ವಾ, ಆ ಕೆಳಗಿನ ಜಾಗಕ್ಕ ಚುಚ್ಚಿದಾಗ... ತೋಳ ಹಿಡದಾಕಿ ಗಟ್ಟಿ ಹಿಡದಿದ್ರ ಮನಷ್ಯಾ ಉಳೀತಿದ್ನೇನ್ರಿ?”

“ಜಾಗಾನೇ ತಪ್ಪಿದ ಮ್ಯಾಲ ತೋಳ ಹಿಡದಾಕಿ ಏನ್ ಮಾಡ್ತಾಳಕ್ಕಾ?”

ಸಂಜೆ ನಿಂಬೆವ್ವ ತನ್ನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮಲ್ಕಮ್ಮ ಎದುರಿಗೆ ಕುಳಿತು, ಆ ಬಿಳಿ ಗೆರೆ ಏರಿಳಿದದ್ದನ್ನು ಹರಡಿದ ಹಿಟ್ಟಿನ ಮೇಲೆ ಬೆರಳಿಂದ ಬರೆದು ತೋರಿಸಿ, ಡಾಕ್ಟರವ್ವ ಅಂದದ್ದನ್ನೂ ಹೇಳಿದಳು. ಮುದುಕಿ ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದಳು.

“ಹಂಗಾದ್ರ ಇನ್ ಯಾರ ಮ್ಯಾಲ ಸಿಟ್ಟ ಮಾಡ್ಲಿಬೇ?” ಎಂದಳು. “ಸಿಟ್ಟಿನಾಗ ನನ್ ಮಗನ ಸಲುವಾಗಿ ಅಳೋದೇ ಮರತಿದ್ದೆ.”

ಹಿಟ್ಟಿನ ಕೈಯಿಂದಲೇ ಅವಳು ಸೊಸೆಯ ಎರಡೂ ಕೈಗಳನ್ನು ಹಿಡಿದುಕೊಂಡಳು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆಯಾಡಿತು. ಇಬ್ಬರೂ ಅದನ್ನು ತೆಗೆಯಲಿಲ್ಲ.