ಎರಡೂವರೆ ಕಿಲೋ ಹುಣಸೆಹಣ್ಣು

ಕೊಂಡಾಪುರದ ಆಫೀಸಿನಲ್ಲಿ ನಿನ್ನ ಕೆಲಸವೇನು ಎಂದು ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಹೇಳಬಹುದಿತ್ತು: ಹಳೆಯದರಲ್ಲಿ ಹೀಗಿತ್ತು, ಹೊಸದರಲ್ಲಿ ಹೀಗಿದೆ ಎಂದು ಬರೆಯುವುದು. ನಾವು ಬಳಸುತ್ತಿದ್ದ ಪ್ರೋಗ್ರಾಮಿಂಗ್ ಭಾಷೆಗೆ ಹೊಸ ವರ್ಷನ್ ಬಂದಿತ್ತು. ಫಂಕ್ಷನ್ನಿನ ಹೆಸರು ಅದೇ, ಅದಕ್ಕೆ ಕೊಡುವ ಅಂಕಿಯೂ ಅದೇ, ಬರುವ ಉತ್ತರ ಮಾತ್ರ ಬೇರೆ. ಅಂಥವನ್ನು ಹುಡುಕಿ, ಎರಡರಲ್ಲೂ ಓಡಿಸಿ ನೋಡಿ, ಅಕ್ಕಪಕ್ಕ ಬರೆದಿಡಬೇಕು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ, ವಿರೋಧ ಎರಡೂ ಕಡೆ ನಿಂತು ಮಾತಾಡಿದವಳಿಗೆ ಹೇಳಿ ಮಾಡಿಸಿದ ಕೆಲಸ. ಭಾಷೆ ಮಾಡಿದವರೇ ಬರೆದ ಕೈಪಿಡಿಯನ್ನೂ ನಾನು ಓಡಿಸಿ ನೋಡದೆ ನಂಬುತ್ತಿರಲಿಲ್ಲ.

ದಶಾಂಶವನ್ನು ಪೂರ್ಣಾಂಕ ಮಾಡುವ ಫಂಕ್ಷನ್ ಒಂದಿತ್ತು. ಎರಡೂವರೆ ಕೊಟ್ಟರೆ ಹಳೆಯದು ಮೂರು ಅನ್ನುತ್ತಿತ್ತು. ಹೊಸದು ಎರಡು ಅನ್ನುತ್ತದೆ. ಸರಿಯಾಗಿ ಅರ್ಧಕ್ಕೆ ಬಂದು ನಿಂತರೆ ಹತ್ತಿರದ ಸಮಸಂಖ್ಯೆಗೆ ಹೋಗಬೇಕೆಂಬುದು ಹೊಸ ನಿಯಮ. ಇದನ್ನೆಲ್ಲ ಬರೆದು ಬೇರೆ ಬೇರೆ ಊರುಗಳ ಟೀಮುಗಳಿಗೆ ಕಳಿಸಿದ್ದೆ. ಮನೆಯಲ್ಲಿ ತೋರಿಸಬೇಕೆಂದು ಹೊಳೆದಿರಲೇ ಇಲ್ಲ.

ಇದನ್ನು ಬರೆದವಳೆಂಬ ಕಾರಣಕ್ಕೆ ಹೊಸಬರ ಇಂಟರ್‌ವ್ಯೂಗೆ ನನ್ನನ್ನೂ ಕೂರಿಸಿದರು. ಯಾದಗಿರಿ ಕಡೆಯ ಹುಡುಗಿಯೊಬ್ಬಳು ಬಂದಳು. ನಮ್ಮ ಟೀಮ್ ಲೀಡ್ ಅದೇ ಎರಡೂವರೆಯನ್ನು ಕೇಳಿದ. ಅವಳು ಮೂರು ಅಂದಳು. ಯಾಕೆ ಅಂದಾಗ, ಬೇಗಂ ಬಜಾರಿನಲ್ಲಿ ಎರಡೂವರೆ ಕಿಲೋ ಹುಣಸೆಹಣ್ಣು ಕೇಳಿ ನೋಡಿ, ವ್ಯಾಪಾರಿ ಮೂರು ಕಿಲೋ ಕಟ್ಟಿಯೇ ಕೊಡುತ್ತಾನೆ, ಹಾಗೆ, ಎಂದಳು. ಲೀಡ್ ನನ್ನ ಕಡೆ ತಿರುಗಿ ನಕ್ಕ. ಆ ದಿನ ಇದೇ ಹುಣಸೆಹಣ್ಣಿನ ಉತ್ತರ ಹೊತ್ತು ಬಂದವರಲ್ಲಿ ಅವಳೇ ಮೊದಲನೆಯವಳಲ್ಲ.

ಆ ಹುಣಸೆಹಣ್ಣು ನಮ್ಮಪ್ಪನದು. ನಗರದ ಇನ್ನೊಂದು ತುದಿಯ ತಾರ್ನಾಕದಲ್ಲಿ, ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಪ್ರೋಗ್ರಾಮಿಂಗ್ ಕೋಚಿಂಗ್ ನಡೆಸುವ ಅಪ್ಪ ನನಗೂ ಅದೇ ಉದಾಹರಣೆ ಕೊಟ್ಟು ಕಲಿಸಿದ್ದರು.

ಸುಮ್ಮನಂತೂ ಇರಲಿಲ್ಲ. ಯಾವ ವರ್ಷನ್ ಎಂದು ಪ್ರಶ್ನೆಯಲ್ಲಿ ಹೇಳಿಲ್ಲ, ಹೇಳದೆ ಅವಳ ಉತ್ತರವನ್ನು ತಪ್ಪು ಅನ್ನುವ ಹಾಗಿಲ್ಲ ಎಂದು ವಾದಿಸಿದೆ. ಲೀಡ್ ಒಪ್ಪಿಕೊಂಡ. ಹೊಸ ವರ್ಷನ್ ಓದಿಕೊಂಡು ನಾಳೆ ಎರಡನೇ ಸುತ್ತಿಗೆ ಬಾ ಎಂದ. ಅವಳು ಎದ್ದು ನಿಂತಾಗ, ಇದನ್ನು ಕಲಿಸಿದ ಮಹಾನುಭಾವರು ಯಾರಮ್ಮ ಎಂದೂ ಕೇಳಿದ. ತಾರ್ನಾಕದ ನಮ್ಮ ಸರ್, ಅವರಷ್ಟು ಚೆನ್ನಾಗಿ ಯಾರೂ ಹೇಳಿಕೊಡುವುದಿಲ್ಲ ಎಂದಳು ಹುಡುಗಿ, ತಲೆ ಎತ್ತಿಯೇ. ಹಾಗಾದರೆ ಅಂಗಡಿ ಮುಚ್ಚೋಕೆ ಹೇಳು ನಿಮ್ಮ ಸರ್‌ಗೆ, ಎಂದ ಅವನು. ಕೂತವರೆಲ್ಲ ನಕ್ಕರು. ಒಂದು ಫಂಕ್ಷನ್ನಿನ ಪರವಾಗಿ ಅಷ್ಟು ಹೊತ್ತು ಮಾತಾಡಿದ ನನ್ನ ಬಾಯಿಂದ ಅವರು ನಮ್ಮಪ್ಪ ಎಂಬುದು ಹೊರಡಲಿಲ್ಲ.

ಸಂಜೆ ಮನೆಗೆ ಬಂದಾಗ ಅಪ್ಪ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಮುಖ ನೋಡಿ ಹೇಳಲಾಗದೆ, ವೇದಿಕೆ ಮೇಲೆ ನಿಂತವಳ ಹಾಗೆ ಎರಡೂವರೆಯ ವಿಷಯ ಮಂಡಿಸಿದೆ. ಅವರೂ ಬಿಡುವವರಲ್ಲ.

"ಅರ್ಧ ಅಂದ್ರ ಮ್ಯಾಲೆ ಹೋಗೋದು. ನಾ ಸಾಲಿ ಕಲಿಯೋವಾಗಿಂದ ಹಂಗ ಐತಿ. ಬದಲು ಮಾಡೋ ಮುಂದ ಇವ್ರು ಯಾರನ್ನ ಕೇಳಿದ್ರಂತ?"

ಲ್ಯಾಪ್‌ಟಾಪ್ ತೆರೆದು ಓಡಿಸಿ ತೋರಿಸಿದೆ. ಎರಡು. ಅಪ್ಪ ತಾವೇ ಮೂರೂವರೆ ಒತ್ತಿದರು, ನಾಲ್ಕು ಬಂತು. ಒಂದೂವರೆ ಒತ್ತಿದರು, ಎರಡು. ಮತ್ತೆ ಎರಡೂವರೆ ಒತ್ತಿ ನೋಡಿ, ಇಸ್ತ್ರಿಯ ಪ್ಲಗ್ ಕಿತ್ತು ಕುರ್ಚಿಯಲ್ಲಿ ಕೂತರು.

"ನಮ್ಮ ಹುಡುಗ್ರನ್ನ ಇದನ್ನ ಕೇಳಿದ್ರೇನು?"

ಹೂಂ ಅಂದೆ. ಯಾದಗಿರಿಯ ಹುಡುಗಿಗೆ ನಾಳೆ ಎರಡನೇ ಸುತ್ತು ಇದೆ ಎಂದೂ ಹೇಳಿದೆ.

"ನಕ್ಕ್ರೇನು?"

ನಾನು ಲ್ಯಾಪ್‌ಟಾಪ್ ಮುಚ್ಚಿದೆ.

"ನಮ್ಮಪ್ಪ ಅಂತ ಹೇಳಿದೇನು ನೀ?"

"ಇಲ್ಲಪ್ಪಾ."

"ಚಲೋ ಆತು ಬಿಡವಾ," ಅಂದರು. "ನೀ ಕೆಲಸ ಮಾಡೋ ಜಾಗ ಅದು."

ಬೈದಿದ್ದರೆ ಎದುರು ವಾದಿಸುತ್ತಿದ್ದೆ. ನನ್ನ ಪರವಾಗಿ ನಾನು ಕಟ್ಟಿಕೊಂಡು ಬಂದಿದ್ದ ವಾದವನ್ನೆಲ್ಲ ಅವರೇ ಹೇಳಿಬಿಟ್ಟಿದ್ದರು. ಅವರ ಬಾಯಲ್ಲಿ ಅದು ಕೇಳಲಾಗದಷ್ಟು ಹೊಲಸಾಗಿತ್ತು.

ನನ್ನ ಪಟ್ಟಿಯನ್ನು ಲ್ಯಾಪ್‌ಟಾಪಿನಲ್ಲಿ ತೆರೆಸಿಕೊಂಡು ಅಪ್ಪ ಹುಡುಗಿಗೆ ಫೋನ್ ಮಾಡಿದರು. "ತಂಗಿ, ನಾ ಕಲಿಸಿದ್ದು ಹಳೇದಾಗೇತವಾ. ತಪ್ಪು ನಂದು, ನಿಂದಲ್ಲ. ಬರ್ಕೋ ಈಗ," ಎಂದು ನಾನು ಬರೆದಿದ್ದನ್ನು ನಿಧಾನವಾಗಿ ಓದಿ ಹೇಳಿದರು. ಒಂದೊಂದಕ್ಕೂ ಹಳೆಯದೇನು, ಹೊಸದೇನು ಎಂದು ಬಿಡಿಸಿ ಹೇಳಿದರು. ನಿಮಗೆ ಇದೆಲ್ಲ ಹೇಗೆ ಗೊತ್ತಾಯಿತು ಸರ್ ಎಂದು ಆ ಕಡೆಯಿಂದ ಅವಳು ಕೇಳಿರಬೇಕು.

"ನನ್ನ ಮಗಳು..." ಎಂದು ಶುರು ಮಾಡಿ ಅಪ್ಪ ನಿಲ್ಲಿಸಿದರು. ನಾನು ಬಾಗಿಲಲ್ಲೇ ನಿಂತಿದ್ದೆ. ನನ್ನ ಕಡೆ ನೋಡಲಿಲ್ಲ.

"ಯಾರೋ ಗೊತ್ತಿದ್ದವ್ರು ಹೇಳಿದ್ರವಾ," ಅಂದರು.