ಎವೆಲಿಯೊ ಕಟ್ಟಿದ ಹೇರು

ಜರ್ಮನಿಯ ಬೊಬ್ಲಿಂಗೆನ್ನಿನ ಗೋದಾಮೊಂದರಲ್ಲಿ ದುಡಿಯುತ್ತಿದ್ದ ಎವೆಲಿಯೊಗೆ ಶನಿವಾರ ಬಂದರೆ ಸಾಕು, ಯಾರದಾದರೂ ಮನೆ ಸಾಮಾನು ಸಾಗಿಸುವ ಚಪಲ. ಕೊಲಂಬಿಯಾದ ಕಾಫಿ ಸೀಮೆಯಲ್ಲಿ ಆರ್ಮೇನಿಯಾ ಎಂಬ ಊರಿದೆ, ಅಲ್ಲಿಯವನು. ಹೆಸರು ಕೇಳಿದವರೆಲ್ಲ ಅವನನ್ನು ಬೇರೊಂದು ದೇಶಕ್ಕೇ ಕಳಿಸಿಬಿಡುತ್ತಿದ್ದರು. ತಿದ್ದಿ ತಿದ್ದಿ ಅವನಿಗೂ ಸಾಕಾಗಿತ್ತು.

ಅವನ ಅಪ್ಪ ಹಳೆಯ ವಿಲ್ಲಿಸ್ ಜೀಪಿನಲ್ಲಿ ಗುಡ್ಡದ ತೋಟಗಳಿಂದ ಕಾಫಿ ಮೂಟೆ, ಬಾಳೆಗೊನೆ ಇಳಿಸುತ್ತಿದ್ದ. ಆ ಊರಿಗೆ ಜೀಪೆಂದರೆ ನಮ್ಮ ಕಡೆಯ ಚಕ್ಕಡಿ ಇದ್ದ ಹಾಗೆ. ಅಕ್ಟೋಬರಿನಲ್ಲಿ ಊರು ಹುಟ್ಟಿದ ಹಬ್ಬ ಬಂತೆಂದರೆ ಜೀಪುಗಳ ಮೆರವಣಿಗೆ. ಒಂದೊಂದರ ಮೇಲೂ ಇಡೀ ಸಂಸಾರ: ಮಂಚ, ಕುರ್ಚಿ, ಬೋಗುಣಿ, ಕೋಳಿ ಪಂಜರ, ದೇವರ ಪಟ. ಯಾರ ಹೇರು ಎತ್ತರ, ಯಾರದು ಚೆಂದ ಎಂದು ಪೈಪೋಟಿ. ತೊಂಬತ್ತೊಂಬತ್ತರ ಭೂಕಂಪದಲ್ಲಿ ಮನೆಯೂ ಹೋಯಿತು, ಜೀಪೂ ಹೋಯಿತು. ಅಕ್ಕ ಇದ್ದಾಳೆಂದು ಎವೆಲಿಯೊ ಜರ್ಮನಿಗೆ ಬಂದ. ಹೇರು ಕಟ್ಟುವ ಕೈ ಮಾತ್ರ ಜೊತೆಗೆ ಬಂತು.

ಆಗ ಜರ್ಮನಿ ಕಂಪ್ಯೂಟರ್ ಕೆಲಸದವರಿಗೆ ಐದು ವರ್ಷಕ್ಕೆಂದು ಕೊಡುತ್ತಿದ್ದ ಗ್ರೀನ್ ಕಾರ್ಡಿನ ಮೇಲೆ ಬಂದಿದ್ದ ಎಂಜಿನಿಯರ್ ಶೈಲೇಶ ಮನೆ ಬದಲಿಸುವಾಗ ಎವೆಲಿಯೊ ಕಾರಿಗೊಂದು ಟ್ರೇಲರ್ ಕಟ್ಟಿಕೊಂಡು ಬಂದ. ಬಾಡಿಗೆ ಮನೆ ಬಿಡುವವರು ಒಲೆಯನ್ನೂ ಕಿತ್ತೊಯ್ಯಬೇಕೆಂಬುದು ಶೈಲೇಶನ ತಾಯಿ ಅಂಬವ್ವನಿಗೆ ಹೊಸ ಸುದ್ದಿ. ಎವೆಲಿಯೊ ಒಲೆಯನ್ನು ತಳಕ್ಕಿಟ್ಟು, ಅದರ ಮೇಲೆ ಕಪಾಟು, ಮಂಚ, ಗಾದಿ ಏರಿಸುತ್ತ ಹೋಗಿ ತುದಿಗೆ ಅವಳ ಮೊರ ಸಿಗಿಸಿದ. ಹಿಂದೆ ಸರಿದು ನೋಡಿದ. ಊರು ಬಿಟ್ಟ ಮೇಲೆ ಇಂಥದ್ದನ್ನು ಕಟ್ಟಿರಲಿಲ್ಲ.

"ಯವ್ವಾ, ಮೊದಲ ಪ್ಯಾಟಿ ಚೌಕಕ್ಕ ಒಂದು ಸುತ್ತು ಹಾಕ್ತೀನಿ ಅಂತಾನ," ಶೈಲೇಶ ಅವನ ಜರ್ಮನ್ ಮಾತನ್ನು ತಾಯಿಗೆ ತಲುಪಿಸಿದ.

"ಯಾಕಪಾ, ನಾವೇನು ಲಿಲಾವಿಗೆ ಬಂದೀವೇನು?"

"ಮಂದಿ ನೋಡ್ಲಿ ಅಂತ. ಅವರೂರಾಗ ಹಂಗಂತ."

"ನನ್ನ ಗಾದಿ ನೋಡಿ ಮಂದಿ ಏನ್ ಮಾಡ್ತಾರ? ರಾಹುಕಾಲ ಬರೂದ್ರೊಳಗ ಹಾಲು ಉಕ್ಕಬೇಕು. ಆಮ್ಯಾಲ ಬೇಕಾದಷ್ಟು ತಿರುಗಂತನ್ನು."

ಸರಿ, ಆಮೇಲೆ. ಎವೆಲಿಯೊ ಸೀದಾ ಹೊಸ ಮನೆಗೆ ಓಡಿಸಿದ.

"ಒಲಿ ತರ್ರಿ," ಎಂದಳು ಅಂಬವ್ವ.

ಎವೆಲಿಯೊ ಹೇರಿನ ತಳ ತೋರಿಸಿದ. ಒಲೆ ಬೇಕೆಂದರೆ ಎಲ್ಲವೂ ಇಳಿಯಬೇಕು. ಎಲ್ಲವೂ ಇಳಿದರೆ ಚೌಕಕ್ಕೆ ಒಯ್ಯುವುದು ಏನನ್ನು? ಒಮ್ಮೆ ಹೇರನ್ನು ನೋಡಿದ, ಒಮ್ಮೆ ಹಾಲಿನ ಪಾತ್ರೆ ಹಿಡಿದು ನಿಂತ ಮುದುಕಿಯನ್ನು. ಕೊನೆಗೆ ತಾನೇ ಹಗ್ಗ ಬಿಚ್ಚಿದ. ಮೊರ ಕೈಗೆ ಕೊಡುವಾಗ ಹೆಣ್ಣು ಒಪ್ಪಿಸಿಕೊಡುವ ತಂದೆಯ ಮುಖವಾಗಿತ್ತು.

ಒಲೆ ಅಡುಗೆಮನೆ ಸೇರಿತು. ಶೈಲೇಶ ಗೋಡೆಯ ವೈರುಗಳನ್ನು ನೋಡಿ ತಲೆ ಕೆರೆದುಕೊಂಡ. "ಇದನ್ನ ಜೋಡ್ಸಾಕ ಸೋಮವಾರ ಎಲೆಕ್ಟ್ರಿಷಿಯನ್ ಬರ್ತಾನವ್ವಾ."

"ಮೊದಲ ಹೇಳಾಕ ಬಾಯಾಗ ಏನು ಇಟ್ಕೊಂಡಿದ್ದೆಲೇ?"

ವಿಷಯ ತಿಳಿದ ಎವೆಲಿಯೊ ಗೋಡೆಗೊರಗಿ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಮೇಲೆ ಎದ್ದು ಹೋಗಿ ಕಾರಿನಿಂದ ತಾನು ಕಾಫಿ ಕಾಸುವ ಪುಟ್ಟ ಗ್ಯಾಸ್ ಒಲೆ ತಂದ. ಹಾಲು ಉಕ್ಕಿ ಉರಿಯನ್ನೇ ಆರಿಸಿತು. ಅಂಬವ್ವ ಕೈಮುಗಿದು ಮೊದಲ ಲೋಟ ಅವನಿಗೇ ಕೊಟ್ಟಳು.

ಅವನು ಕಿಟಕಿಯಲ್ಲಿ ನಿಂತು, ಬರಿದಾದ ಟ್ರೇಲರನ್ನು ನೋಡುತ್ತ ಕುಡಿದ. ಅಂಬವ್ವ ಮಗನ ಕಡೆ ತಿರುಗಿದಳು.

"ಬ್ಯಾಸರ ಮಾಡ್ಕೋಬ್ಯಾಡ ಅನ್ನೋ. ನಿನ್ನ ಕಾರ್ಡು ಐದ ವರ್ಷದ್ದು, ಆಮ್ಯಾಲ ಮತ್ತ ಮನಿ ಬಿಡೂದೈತಿ. ಆವಾಗ ಮೂರು ಸುತ್ತು ಹಾಕ್ಲಿ."

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಉಕ್ಕಿದ ಹಾಲು ಇನ್ನೂ ಆರಿಲ್ಲ, ಬಾಯಲ್ಲಿ ಎಂಥ ಮಾತು! "ಏ, ಅದನ್ನ ಹೇಳಬ್ಯಾಡೋ!"

ಶೈಲೇಶ ಹೇಳಿಯಾಗಿತ್ತು. ಎವೆಲಿಯೊ ಲೋಟ ಕೆಳಗಿಟ್ಟು ಕಪಾಟಿನ ಅಗಲವನ್ನು ಗೇಣು ಹಾಕಿ ಅಳೆಯತೊಡಗಿದ್ದ.